ಒಂದು ಚಿಟಿಕೆ ಲ್ಯಾಂಥನಮ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ, "ನೀವು ಪಿಎಚ್.ಡಿ.ಗೆ ಏನು ಮಾಡಿದಿರೋ ಅದನ್ನೇ ಹೇಳಿ ಮೇಡಂ, ಆದರೆ ಊರಿನವರಿಗೂ ತಿಳಿಯೋ ಹಾಗಿರಲಿ" ಎಂದರು. ನನ್ನ ಪ್ರಬಂಧದ ವಿಷಯವನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ಡೋಪಿಂಗ್ ಮಾಡಿದಾಗ ಮಲ್ಟಿಫೆರೋಯಿಕ್ ಆಕ್ಸೈಡ್ ನ್ಯಾನೋಕಣಗಳ ವಿದ್ಯುತ್ ಗುಣ ಮತ್ತು ಬೆಳಕಿನ ಗುಣ ಹೇಗೆ ಬದಲಾಗುತ್ತವೆ. ಇದನ್ನು ಮೊದಲ ಸಲ ನಮ್ಮಮ್ಮನಿಗೆ ವಿವರಿಸಿದ್ದೆ. ಶುದ್ಧವಾದ ಒಂದು ಪುಡಿ ಮಾಡುತ್ತೇವೆ, ಆಮೇಲೆ ಅದಕ್ಕೆ ಬೇಕೆಂದೇ ಬೇರೆ ಲೋಹ ಸ್ವಲ್ಪ ಸೇರಿಸುತ್ತೇವೆ ಅಂದೆ. ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಿ, "ಅಲ್ಲ ಕಣವ್ವ, ಕಲಬೆರಕೆ ಮಾಡಾಕೆ ಇಷ್ಟೆಲ್ಲ ಓದ್ಬೇಕಾ?" ಎಂದು ಕೇಳಿದಳು.

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನನಗೆ ಆರು ವರ್ಷ ಹಿಡಿಯಿತು. ಇವತ್ತು ಹೇಳುವುದು ಅದೇ ಉತ್ತರ.

ಮೊದಲು ಈ ಪುಡಿ ಏನೆಂದು ಹೇಳುತ್ತೇನೆ. ಇದರ ಹೆಸರು ಬಿಸ್ಮತ್ ಫೆರೈಟ್. ಬಿಸ್ಮತ್, ಕಬ್ಬಿಣ, ಆಮ್ಲಜನಕ ಈ ಮೂರೂ ಸೇರಿ ಆದ ವಸ್ತು. ಒಂದು ಬಿಸ್ಮತ್ತಿಗೆ ಒಂದು ಕಬ್ಬಿಣ, ಮೂರು ಆಮ್ಲಜನಕ. ನೋಡಲು ಇಟ್ಟಿಗೆ ಪುಡಿಯ ಬಣ್ಣ, ಇನ್ನೂ ಸ್ವಲ್ಪ ಕಂದು. ಇದರ ವಿಶೇಷವೆಂದರೆ ಎರಡು ಗುಣಗಳು ಒಂದೇ ವಸ್ತುವಿನಲ್ಲಿ, ಅದೂ ನಮ್ಮ ಕೋಣೆಯ ಉಷ್ಣತೆಯಲ್ಲೇ ಇರುವುದು. ಒಂದು ಫೆರೋಎಲೆಕ್ಟ್ರಿಕ್ ಗುಣ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳೆಲ್ಲ ಧ್ವಜಸ್ತಂಭದ ಕಡೆ ಮುಖ ಮಾಡಿ ನಿಂತಂತೆ, ಇದರೊಳಗಿನ ಧನ ಋಣ ವಿದ್ಯುದಂಶಗಳು ಒಂದೇ ದಿಕ್ಕಿಗೆ ವಾಲಿ ನಿಂತಿರುತ್ತವೆ. ಹೊರಗಿನಿಂದ ವೋಲ್ಟೇಜ್ ಕೊಟ್ಟು "ಹಿಂದೆ ತಿರುಗ್" ಎಂದರೆ ತಿರುಗುತ್ತವೆ. ವೋಲ್ಟೇಜ್ ತೆಗೆದ ಮೇಲೂ ತಿರುಗಿದ ಹಾಗೆಯೇ ನಿಲ್ಲುತ್ತವೆ. ಇನ್ನೊಂದು ಕಾಂತಗುಣ. ಇದರಲ್ಲಿ ಕಬ್ಬಿಣದ ಪರಮಾಣುಗಳ ಪುಟ್ಟ ಪುಟ್ಟ ಕಾಂತಗಳು ಒಂದು ಕ್ರಮದಲ್ಲಿ ಜೋಡಣೆಯಾಗಿರುತ್ತವೆ. ಇಂಥ ಜೋಡಿ ಗುಣದ ವಸ್ತುಗಳಿಗೆ ಮಲ್ಟಿಫೆರೋಯಿಕ್ ಎಂಬ ಹೆಸರು ಕೊಟ್ಟವರು ಹಾನ್ಸ್ ಶ್ಮಿಡ್ ಎಂಬ ವಿಜ್ಞಾನಿ, 1994ರಲ್ಲಿ.

ಇವು ಬಹಳ ಅಪರೂಪ. ಸಾಮಾನ್ಯವಾಗಿ ವಿದ್ಯುತ್ತಿನ ವಾಲುವಿಕೆ ಬರಬೇಕಾದರೆ ಲೋಹದ ಪರಮಾಣುವಿನ ಒಂದು ಪದರ ಖಾಲಿ ಇರಬೇಕು, ಕಾಂತಗುಣ ಬರಬೇಕಾದರೆ ಅದೇ ಪದರದಲ್ಲಿ ಎಲೆಕ್ಟ್ರಾನ್ ಇರಬೇಕು. ಒಬ್ಬನೇ ಎರಡು ಕಡೆ ಕೂಲಿಗೆ ಹೋಗಲಾಗುವುದಿಲ್ಲ ತಾನೆ? ಬಿಸ್ಮತ್ ಫೆರೈಟಿನಲ್ಲಿ ಇಬ್ಬರು ದುಡಿಯುತ್ತಾರೆ. ವಿದ್ಯುತ್ತಿನ ಕೆಲಸ ಬಿಸ್ಮತ್ತಿನದು, ಕಾಂತದ ಕೆಲಸ ಕಬ್ಬಿಣದ್ದು. ಹಾಗಾಗಿ ಸಂಸಾರ ನಡೆಯುತ್ತದೆ. ಸುಮಾರು 370 ಡಿಗ್ರಿ ಸೆಲ್ಸಿಯಸ್ ತನಕ ಇದರ ಕಾಂತಕ್ರಮ ಕೆಡುವುದಿಲ್ಲ. ವಿದ್ಯುತ್ತಿನ ವಾಲುವಿಕೆ 820 ಡಿಗ್ರಿಯ ಆಚೆಗೂ ಉಳಿಯುತ್ತದೆ.

ಇದರಿಂದೇನು ಉಪಯೋಗ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳುತ್ತಿದ್ದಾರೆ. ನಮ್ಮ ನಾಗನಾಥೇಶ್ವರ ದೇವಸ್ಥಾನದಲ್ಲಿ ಸಿಕ್ಕ ಶಾಸನ ನಿಮಗೆಲ್ಲ ಗೊತ್ತು, ಸುಮಾರು ಕ್ರಿ.ಶ. 890ರದು, ಬೆಂಗಳೂರು ಎಂಬ ಹೆಸರು ಮೊದಲು ಕಾಣುವುದೇ ಅದರಲ್ಲಿ. ಕಲ್ಲಿನಲ್ಲಿ ಕೊರೆದದ್ದು ಸಾವಿರ ವರ್ಷ ನಿಂತಿತು. ಕಂಪ್ಯೂಟರಿನಲ್ಲಿ ಸೇವ್ ಮಾಡದೆ ಬರೆದದ್ದು ಕರೆಂಟು ಹೋದರೆ ಹೋಯಿತು. ಕರೆಂಟು ಹೋದರೂ ಉಳಿಯುವ ಬರಹಕ್ಕೆ ಫೆರೋಎಲೆಕ್ಟ್ರಿಕ್ ವಸ್ತು ಒಂದು ದಾರಿ. ಅಂಥ ಮೆಮೊರಿ ಚಿಪ್‌ಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ. ಬಿಸ್ಮತ್ ಫೆರೈಟಿನ ಆಸೆ ಇನ್ನೂ ದೊಡ್ಡದು. ಕಡಿಮೆ ವಿದ್ಯುತ್ತಿನಲ್ಲಿ ಬರೆಯುವುದು, ಕಾಂತದ ಮೂಲಕ ಓದುವುದು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ಓದಿ ಅಮೆರಿಕಕ್ಕೆ ಹೋದ ರಾಮಮೂರ್ತಿ ರಮೇಶ್ ಅವರ ತಂಡ 2003ರಲ್ಲಿ ಇದರ ತೆಳು ಪೊರೆ ಮಾಡಿ ತೋರಿಸಿದ ಮೇಲೆಯೇ ಜಗತ್ತಿನ ಪ್ರಯೋಗಾಲಯಗಳೆಲ್ಲ ಇದರ ಹಿಂದೆ ಬಿದ್ದದ್ದು. ಆದರೆ ಅಂಗಡಿಯಲ್ಲಿ ಸಿಗುವ ವಸ್ತು ಇದರಿಂದ ಇನ್ನೂ ಬಂದಿಲ್ಲ. ಯಾಕೆ ಎನ್ನುವುದೇ ನನ್ನ ಕಥೆ.

ಪುಡಿ ಮಾಡುವ ವಿಧಾನವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ, ಅದು ನಮ್ಮ ಬೆಂಗಳೂರಿನದೇ. 1980ರ ದಶಕದಲ್ಲಿ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಸಿ. ಪಾಟೀಲರ ಪ್ರಯೋಗಾಲಯದಲ್ಲಿ ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾ, ಅದೇ ನಾವು ಗದ್ದೆಗೆ ಹಾಕುವ ಯೂರಿಯಾ, ನೀರಿನಲ್ಲಿ ಕಲಸಿ 500 ಡಿಗ್ರಿ ಇದ್ದ ಕುಲುಮೆಯೊಳಗೆ ಇಟ್ಟರು. ಕುದಿಯಿತು, ನೊರೆ ಬಂತು, ಆಮೇಲೆ ಧಗ್ ಎಂದು ಹೊತ್ತಿಕೊಂಡಿತು. ಐದು ನಿಮಿಷದಲ್ಲಿ ಬಟ್ಟಲು ತುಂಬ ಬೆಳ್ಳನೆಯ ನೊರೆಯಂಥ ಅಲ್ಯೂಮಿನಾ. ಸಾವಿರ ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಿ ಪಡೆಯಬೇಕಾದದ್ದು ತನ್ನ ಬೆಂಕಿಯಲ್ಲಿ ತಾನೇ ಬೆಂದು ಬಂದಿತ್ತು. ಕಿಂಗ್ಸ್ಲಿ ಮತ್ತು ಪಾಟೀಲ್ ಇದನ್ನು 1988ರಲ್ಲಿ ಪ್ರಕಟಿಸಿದರು. ಇವತ್ತು ದೊಡ್ಡ ಯಂತ್ರ ಕೊಳ್ಳಲಾಗದ ಎಷ್ಟೋ ಸಣ್ಣ ಕಾಲೇಜುಗಳಲ್ಲಿ ನ್ಯಾನೋಕಣಗಳ ಕೆಲಸ ನಡೆಯುತ್ತಿದ್ದರೆ ಅದಕ್ಕೆ ಈ ದಹನ ವಿಧಾನ ಒಂದು ಮುಖ್ಯ ಕಾರಣ. ನಮ್ಮದೂ ಅಂಥದೇ ಸಣ್ಣ ಜಾಗ. ಒಂದು ಮಫಲ್ ಫರ್ನೇಸ್, ಒಂದು ತಕ್ಕಡಿ, ಎರಡು ಮೇಜು.

ನನ್ನ ಮೊದಲ ದಿನವೇ ಅವಮಾನ. ಬಿಸ್ಮತ್ ನೈಟ್ರೇಟನ್ನು ನೀರಿಗೆ ಹಾಕಿದೆ, ಕರಗುವ ಬದಲು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಅದಕ್ಕೆ ಸ್ವಲ್ಪ ನೈಟ್ರಿಕ್ ಆಮ್ಲ ಇರಬೇಕು, ಬರಿಯ ನೀರಿನಲ್ಲಿ ಒಡೆದುಹೋಗುತ್ತದೆ. ಎಂ.ಎಸ್ಸಿ. ಮಾಡಿಕೊಂಡು ಬಂದಿದ್ದ ನನಗೆ ಅದನ್ನು ಹೇಳಿಕೊಟ್ಟವರು ಅಲ್ಲಿನ ಅಟೆಂಡರ್ ಅಣ್ಣ.

ಆಮೇಲೆ ಕೈ ಹದಕ್ಕೆ ಬಂತು. ಪುಡಿಯನ್ನು ಒತ್ತಿ ಎಂಟಾಣೆಯಷ್ಟು ಅಗಲದ ಬಿಲ್ಲೆ ಮಾಡುವುದು, ಅದನ್ನು ಸುಡುವುದು, ಎರಡೂ ಮುಖಕ್ಕೆ ಬೆಳ್ಳಿಯ ಪೇಸ್ಟ್ ಬಳಿದು ತಂತಿ ಹಾಕಿ ಅಳೆಯುವುದು. ವೋಲ್ಟೇಜನ್ನು ಏರಿಸಿ ಇಳಿಸಿದರೆ ಪರದೆಯ ಮೇಲೆ ಒಂದು ಕುಣಿಕೆಯಂಥ ಗೆರೆ ಬರಬೇಕು. ಆ ಕುಣಿಕೆಯೇ ಫೆರೋಎಲೆಕ್ಟ್ರಿಕ್ ಗುಣದ ಗುರುತು. ನನಗೆ ಬಂತು! ದುಂಡಗೆ, ತುಂಬಿಕೊಂಡ ಕುಣಿಕೆ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಒಂದು ವಿಚಾರ ಸಂಕಿರಣದಲ್ಲಿ ಅದನ್ನು ತೋರಿಸಿಯೂ ಬಿಟ್ಟೆ. ಚಪ್ಪಾಳೆ ಆಯಿತು. ಅಪ್ಪ ಅದರ ಫೋಟೋವನ್ನು ಬೇಗೂರು ಬಸ್ ಸ್ಟಾಂಡಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ್ದರಂತೆ.

ಊಟದ ಹೊತ್ತಿನಲ್ಲಿ ಹಿರಿಯರೊಬ್ಬರು ತಟ್ಟೆ ಹಿಡಿದು ಬಂದು ಕೇಳಿದರು. "ಕುಣಿಕೆಯ ತುದಿ ಯಾಕಮ್ಮ ಗುಂಡಗಿದೆ? ಸೋರಿಕೆ ಅಳೆದಿದ್ದೀಯಾ? ಬಾಳೆಹಣ್ಣಿನ ಪೇಪರ್ ಓದು."

ನಾನು ತಮಾಷೆ ಅಂದುಕೊಂಡೆ. ನಿಜವಾಗಿಯೂ ಅಂಥ ಲೇಖನವಿದೆ. ಜೇಮ್ಸ್ ಸ್ಕಾಟ್ ಎಂಬ ಭೌತವಿಜ್ಞಾನಿ 2008ರಲ್ಲಿ ಬಾಳೆಹಣ್ಣಿನ ಸಿಪ್ಪೆಗೆ ಬೆಳ್ಳಿ ಬಳಿದು ಅಳೆದು, ಅದರಲ್ಲೂ ಇಂಥದೇ ದುಂಡು ಕುಣಿಕೆ ಬರುತ್ತದೆ ಎಂದು ತೋರಿಸಿದರು. ಬಾಳೆಸಿಪ್ಪೆ ಫೆರೋಎಲೆಕ್ಟ್ರಿಕ್ ಅಲ್ಲ, ಅದರ ಮೂಲಕ ವಿದ್ಯುತ್ತು ಸೋರುತ್ತದೆ ಅಷ್ಟೆ. ಸೋರುವ ಯಾವ ವಸ್ತುವಾದರೂ ಹಾಗೆ ನಟಿಸಬಲ್ಲದು. ನಿಜವಾದ ಕುಣಿಕೆಯ ತುದಿ ಚೂಪಾಗಿ, ಒಂದು ಮಟ್ಟಕ್ಕೆ ಬಂದು ಚಪ್ಪಟೆಯಾಗಬೇಕು. ಮನೆಗೆ ಬಂದು ನನ್ನ ಗ್ರಾಫನ್ನೂ ಅವರ ಗ್ರಾಫನ್ನೂ ಪಕ್ಕದಲ್ಲಿಟ್ಟು ನೋಡಿದೆ. ನನ್ನದು ಬಾಳೆಸಿಪ್ಪೆ.

ಈಗ ಸೋರಿಕೆಯ ವಿಷಯ. ಇದು ನಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ. ಕೆರೆ ಎಂದರೆ ನೀರು ನಿಲ್ಲಬೇಕು. ಏರಿಯಲ್ಲಿ ಏಡಿ, ಹೆಗ್ಗಣ ಬಿಲ ಮಾಡಿದರೆ ಎಷ್ಟು ಮಳೆ ಬಂದರೂ ಕೆರೆ ತುಂಬುವುದಿಲ್ಲ. ಬಿಸ್ಮತ್ ಫೆರೈಟಿನ ಕಷ್ಟವೂ ಅದೇ. ಪುಡಿಯನ್ನು ಸುಡುವಾಗ ಬಿಸ್ಮತ್ ಕರ್ಪೂರದ ಹಾಗೆ ಸ್ವಲ್ಪ ಸ್ವಲ್ಪ ಹಾರಿಹೋಗುತ್ತದೆ. ಅದಕ್ಕೆ ಮೂರು ಧನ ವಿದ್ಯುದಂಶ. ಎರಡು ಬಿಸ್ಮತ್ ಹೋದರೆ ಆರು ಧನ ಹೋದಂತೆ. ಲೆಕ್ಕ ಸರಿದೂಗಲು ತಲಾ ಎರಡು ಋಣದ ಮೂರು ಆಮ್ಲಜನಕಗಳೂ ಹೊರಡುತ್ತವೆ. ಅವು ಬಿಟ್ಟ ಖಾಲಿ ಜಾಗಗಳೇ ಬಿಲಗಳು. ಜೊತೆಗೆ ಕೆಲವು ಕಬ್ಬಿಣಗಳು ಮೂರರಿಂದ ಎರಡು ಧನಕ್ಕೆ ಇಳಿಯುತ್ತವೆ, ಆ ಹೆಚ್ಚುವರಿ ಎಲೆಕ್ಟ್ರಾನ್ ಒಂದು ಕಬ್ಬಿಣದಿಂದ ಪಕ್ಕದ ಕಬ್ಬಿಣಕ್ಕೆ ನೆಗೆಯುತ್ತ ಸಾಗುತ್ತದೆ. ವಿದ್ಯುತ್ತು ಸೋರುವುದು ಹೀಗೆ.

ಇಲ್ಲಿ ಬರುತ್ತದೆ ಅಮ್ಮ ಹೇಳಿದ ಕಲಬೆರಕೆ. ಬಿಸ್ಮತ್ತಿನ ಜಾಗದಲ್ಲಿ ನೂರಕ್ಕೆ ಹತ್ತರಷ್ಟು ಲ್ಯಾಂಥನಮ್ ಕೂರಿಸಿದೆವು. ಇಬ್ಬರದೂ ಹೆಚ್ಚು ಕಡಿಮೆ ಒಂದೇ ಗಾತ್ರ, ಇಬ್ಬರಿಗೂ ಮೂರು ಧನ. ಆದರೆ ಲ್ಯಾಂಥನಮ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕುಲುಮೆಯ ಬಿಸಿಗೆ ಹಾರಿಹೋಗುವುದಿಲ್ಲ. ಐದು ಗ್ರಾಮ್ ಪುಡಿಗೆ ಬೇಕಾಗುವುದು ಸುಮಾರು 0.7 ಗ್ರಾಮ್ ಲ್ಯಾಂಥನಮ್ ನೈಟ್ರೇಟ್, ಒಂದು ಚಿಟಿಕೆ. ಅಷ್ಟಕ್ಕೇ ಸೋರಿಕೆ ಇಳಿಯಿತು, ಕುಣಿಕೆಯ ತುದಿ ಚೂಪಾಗತೊಡಗಿತು. ಇನ್ನೊಂದು ದಾರಿ ಕಬ್ಬಿಣದ ಜಾಗಕ್ಕೆ ಟೈಟಾನಿಯಂ ತರುವುದು. ಅದಕ್ಕೆ ನಾಲ್ಕು ಧನ. ಒಂದು ಧನ ಹೆಚ್ಚಾಗಿರುವುದರಿಂದ ಆಮ್ಲಜನಕ ಮನೆ ಬಿಟ್ಟು ಹೋಗಬೇಕಾದ ಅಗತ್ಯವೇ ಕಡಿಮೆಯಾಗುತ್ತದೆ, ಬಿಲ ಮುಚ್ಚುತ್ತದೆ. ಅದೇ ಬಿಸ್ಮತ್ತಿನ ಜಾಗಕ್ಕೆ ಎರಡೇ ಧನದ ಕ್ಯಾಲ್ಸಿಯಂ ತಂದರೆ ಲೆಕ್ಕ ಉಲ್ಟಾ ಆಗಿ ಬಿಲಗಳು ಹೆಚ್ಚುತ್ತವೆ. ಮಕ್ಕಳೇ, ಎಂಟನೇ ಕ್ಲಾಸಿನಲ್ಲಿ ವೇಲೆನ್ಸಿ ಬಾಯಿಪಾಠ ಮಾಡುವಾಗ ಇದು ಯಾರಿಗೆ ಬೇಕು ಅಂತ ಬೈದುಕೊಳ್ಳುತ್ತೀರಲ್ಲ, ನಾನೂ ಇದೇ ಶಾಲೆಯ ಕೊನೆಯ ಬೆಂಚಿನಲ್ಲಿ ಕೂತು ಬೈದುಕೊಂಡಿದ್ದೆ. ನನ್ನ ಇಡೀ ಪ್ರಬಂಧ ಆ ವೇಲೆನ್ಸಿ ಲೆಕ್ಕವೇ.

ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಸಿಲಿಕಾನ್ ಚಿಪ್ಪಿನಲ್ಲಿ ಡೋಪಿಂಗ್ ಎಂದರೆ ಕೋಟಿ ಪರಮಾಣುವಿಗೆ ಒಂದು ಬೆರೆಸಿದರೂ ಸಾಕಾಗುತ್ತದೆ. ನಮ್ಮದು ನೂರಕ್ಕೆ ಹತ್ತು. ಇದನ್ನೂ ಡೋಪಿಂಗ್ ಎಂದೇ ನಾವು ಕರೆಯುತ್ತೇವೆ, ನನ್ನ ದೃಷ್ಟಿಯಲ್ಲಿ ಇದು ಅರ್ಧ ಅಳಿಯನನ್ನೇ ಮನೆಗೆ ತಂದಂತೆ. ಹಾಗಾಗಿ ಮನೆಯ ರಚನೆಯೂ ಬದಲಾಗುತ್ತದೆ. ಲ್ಯಾಂಥನಮ್ ಜಾಸ್ತಿಯಾದರೆ ಸೋರಿಕೆಯೊಂದಿಗೆ ವಾಲುವಿಕೆಯೂ ಹೋಗುತ್ತದೆ, ಏಕೆಂದರೆ ಅದನ್ನು ಕೊಡುತ್ತಿದ್ದವನೇ ಬಿಸ್ಮತ್.

ಬೆಳಕಿನ ವಿಷಯಕ್ಕೆ ಬರುತ್ತೇನೆ. ಒಂದು ವಸ್ತುವಿನೊಳಗಿನ ಎಲೆಕ್ಟ್ರಾನ್ ಕೆಳಗಿನ ಮಟ್ಟದಿಂದ ಮೇಲಿನ ಮಟ್ಟಕ್ಕೆ ಹತ್ತಲು ಇಂತಿಷ್ಟು ಶಕ್ತಿ ಬೇಕು, ನಮ್ಮ ಹಳೆಯ ಮನೆಗಳ ಜಗಲಿ ಹತ್ತುವ ಹಾಗೆ. ಬಿಸ್ಮತ್ ಫೆರೈಟಿನಲ್ಲಿ ಜಗಲಿಯ ಎತ್ತರ ಸುಮಾರು 2.2ರಿಂದ 2.7 ಎಲೆಕ್ಟ್ರಾನ್ ವೋಲ್ಟ್, ಮಾಡಿದ ರೀತಿಯನ್ನೂ ಕಣದ ಗಾತ್ರವನ್ನೂ ಅವಲಂಬಿಸಿ. ಹಸಿರು ನೀಲಿ ಬೆಳಕಿಗೆ ಅಷ್ಟು ಎತ್ತರ ಹತ್ತಿಸುವ ಕಸುವಿದೆ, ಕೆಂಪಿಗೆ ಇಲ್ಲ. ಹಾಗಾಗಿ ಹಸಿರು ನೀಲಿಯನ್ನು ಅದು ನುಂಗುತ್ತದೆ, ಕೆಂಪು ಮರಳಿ ನಮ್ಮ ಕಣ್ಣಿಗೆ ಬರುತ್ತದೆ. ಇಟ್ಟಿಗೆ ಬಣ್ಣ ಬಂದದ್ದು ಹಾಗೆ. ಕಬ್ಬಿಣದ ಜಾಗದಲ್ಲಿ ಸ್ವಲ್ಪ ಮ್ಯಾಂಗನೀಸ್ ಹಾಕಿದರೆ ಜಗಲಿಗೂ ಅಂಗಳಕ್ಕೂ ಮಧ್ಯೆ ಒಂದು ಕಲ್ಲು ಇಟ್ಟಂತೆ. ಕೆಳಗಿನ ಕಸುವಿನ ಬೆಳಕೂ ಹತ್ತಿಸುತ್ತದೆ, ಪುಡಿ ಕಪ್ಪಾಗುತ್ತ ಹೋಗುತ್ತದೆ. ಯಂತ್ರ ಇಲ್ಲದೆಯೇ ಕಣ್ಣಿನಲ್ಲಿ ನೋಡಬಹುದಾದ ಡೋಪಿಂಗ್ ಇದು.

ಹೀಗೆ ಮೇಲೆ ಹತ್ತಿದ ಎಲೆಕ್ಟ್ರಾನ್, ಅದು ಕೆಳಗೆ ಬಿಟ್ಟ ಖಾಲಿ ಜಾಗ, ಇವೆರಡೂ ನೀರಿನಲ್ಲಿರುವ ಬಟ್ಟೆ ಬಣ್ಣದಂಥ ವಸ್ತುಗಳನ್ನು ಮುರಿಯಬಲ್ಲವು. ಇದಕ್ಕೆ ಹೆಸರಾದ ವಸ್ತು ಟೈಟಾನಿಯಂ ಡೈಆಕ್ಸೈಡ್. ಅದರ ಜಗಲಿ 3.2, ಬಹಳ ಎತ್ತರ, ಅತಿನೇರಳೆ ಕಿರಣ ಬೇಕು, ನಮ್ಮ ಬಿಸಿಲಿನಲ್ಲಿ ಅದು ನೂರಕ್ಕೆ ಐದರಷ್ಟು ಮಾತ್ರ. ಬಿಸ್ಮತ್ ಫೆರೈಟಿಗೆ ಕಣ್ಣಿಗೆ ಕಾಣುವ ಬೆಳಕೇ ಸಾಕು. ನಾವು ಒಂದು ಗಾಜಿನ ಬೀಕರಿನಲ್ಲಿ ನೀಲಿ ಬಣ್ಣದ ನೀರು, ಚೂರು ಪುಡಿ ಹಾಕಿ ಮಹಡಿಯ ಮೇಲೆ ಬಿಸಿಲಿಗಿಟ್ಟು ಗಂಟೆಗೊಮ್ಮೆ ನೋಡುತ್ತಿದ್ದೆವು. ಬಣ್ಣ ತಿಳಿಯಾಗುತ್ತಿತ್ತು. ಆದರೆ ನಡುವೆ ಇಟ್ಟ ಆ ಕಲ್ಲೇ ಕೆಲವೊಮ್ಮೆ ಮೋಸ ಮಾಡುತ್ತದೆ. ಹತ್ತುವವನು ಅಲ್ಲೇ ಕೂತುಬಿಡುತ್ತಾನೆ, ಕೆಳಗಿನ ಖಾಲಿ ಜಾಗ ಬಂದು ಅವನನ್ನು ನುಂಗುತ್ತದೆ, ಕೆಲಸ ಆಗುವುದಿಲ್ಲ. ನೂರಕ್ಕೆ ಎರಡು ಮೂರು ಬೆರೆಸಿದಾಗ ಚುರುಕಾಗಿದ್ದ ನಮ್ಮ ಪುಡಿ ಎಂಟು ಹತ್ತಕ್ಕೆ ಮಂದವಾಯಿತು. ಬೇಗೂರು ಕೆರೆಗೆ ಈ ಪುಡಿ ಹಾಕಿ ಶುದ್ಧ ಮಾಡಬಹುದಾ ಎಂದು ನಮ್ಮ ಚಿಕ್ಕಪ್ಪ ಕೇಳಿದ್ದರು. ಆಗುವುದಿಲ್ಲ ಚಿಕ್ಕಪ್ಪ. ಬೀಕರಿನ ನೀರೇ ಬೇರೆ, ಕೆರೆಯೇ ಬೇರೆ. ಕೆರೆಗೆ ಬೇಕಾದದ್ದು ಕೊಳಚೆ ನೀರು ಬರದ ಹಾಗೆ ತಡೆಯುವುದು, ಅದಕ್ಕೆ ನ್ಯಾನೋ ವಿಜ್ಞಾನ ಬೇಡ.

ಕಣ ಚಿಕ್ಕದಾದರೆ ಏನು ಲಾಭ ಎಂಬುದನ್ನೂ ಹೇಳಿಬಿಡುತ್ತೇನೆ. ಈ ವಸ್ತುವಿನಲ್ಲಿ ಕಬ್ಬಿಣದ ಕಾಂತಗಳು ಸುರುಳಿಯಾಗಿ ತಿರುಗುತ್ತ ಹೋಗಿ 62 ನ್ಯಾನೋಮೀಟರಿಗೆ ಒಂದು ಸುತ್ತು ಮುಗಿಸುತ್ತವೆ, ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಭಾಗ. ಪೂರ್ತಿ ಸುತ್ತಿದರೆ ಒಂದನ್ನೊಂದು ರದ್ದು ಮಾಡಿಕೊಂಡು ಹೊರಗೆ ಕಾಂತಗುಣ ಕಾಣುವುದಿಲ್ಲ. ಕಣವೇ ಅದಕ್ಕಿಂತ ಚಿಕ್ಕದಾದರೆ ಸುತ್ತು ಪೂರ್ತಿಯಾಗುವುದಿಲ್ಲ, ಸ್ವಲ್ಪ ಕಾಂತ ಉಳಿಯುತ್ತದೆ. ಆದರೆ ಇಲ್ಲೂ ಎಚ್ಚರ ಬೇಕು. ಸರಿಯಾಗಿ ಬೇಯದ ಪುಡಿಯಲ್ಲಿ ಕಬ್ಬಿಣ ಹೆಚ್ಚಿರುವ ಬೇರೆ ಆಕ್ಸೈಡುಗಳು ಸೇರಿಕೊಂಡು ತಾವೇ ಕಾಂತದ ಹಾಗೆ ವರ್ತಿಸುತ್ತವೆ. 2003ರ ಆ ಪ್ರಸಿದ್ಧ ಪ್ರಬಂಧದ ಕಾಂತಗುಣದ ಮೇಲೆಯೇ 2005ರಲ್ಲಿ ಬೇರೊಂದು ತಂಡ ಅದೇ ಪತ್ರಿಕೆಯಲ್ಲಿ ಪ್ರಶ್ನೆ ಎತ್ತಿತು. ಬೇಕೆಂದು ಬೆರೆಸಿದ್ದಕ್ಕೂ ತಾನಾಗಿ ಬೆರೆತದ್ದಕ್ಕೂ ಇರುವ ವ್ಯತ್ಯಾಸ ಅಷ್ಟು ದೊಡ್ಡವರಿಗೂ ತಲೆನೋವು.

ಮತ್ತೆ ಬಾಳೆಸಿಪ್ಪೆಗೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಂಕಿರಣದ ಪುಸ್ತಕಕ್ಕೆ ಲೇಖನ ಕೊಟ್ಟಾಗಿತ್ತು, ಅಚ್ಚಿಗೆ ಹೋಗಲು ಹತ್ತು ದಿನ ಇತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂಥ ದುಂಡು ಕುಣಿಕೆಗಳು ಎಷ್ಟೋ ಅಚ್ಚಾಗಿವೆ. ಆದರೆ ಬೆಳಿಗ್ಗೆ ಹೋಗಿ ಗೈಡ್ ಮುಂದೆ ಎರಡು ಗ್ರಾಫೂ ಇಟ್ಟೆ. ಅವರು ಬಹಳ ಹೊತ್ತು ನೋಡಿ, "ವಾಪಸ್ ತಗೋ" ಎಂದರು, ಅಷ್ಟೇ. ಲೇಖನ ವಾಪಸ್ ಬಂತು, ಎರಡು ವರ್ಷದ ಕೆಲಸದಲ್ಲಿ ಒಂದು ಅಧ್ಯಾಯ ಹೋಯಿತು. ಕೆಲಸ ಮುಗಿಯುವ ಮೊದಲೇ ಫೆಲೋಶಿಪ್ ಅವಧಿ ಮುಗಿಯಿತು. ಸಂಜೆ ಮನೆಯ ವರಾಂಡದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ಹೇಳಿ ಬಸ್ ಖರ್ಚು ನೋಡಿಕೊಂಡೆ. ಅವರಲ್ಲಿ ಇಬ್ಬರು ಇವತ್ತು ಈ ಸಭೆಯಲ್ಲೇ ಇದ್ದಾರೆ. ಮದುವೆಯ ಮಾತು ಬಂದಾಗ ಅಪ್ಪ ನೆಂಟರಿಗೆ, "ಅವಳ ಕಾಗದ ಏನೋ ತಪ್ಪಾಯ್ತಂತೆ, ಸರಿ ಮಾಡಿ ಬರ್ತಾಳೆ, ಅಲ್ಲಿಗಂಟ ಇರಿ" ಅಂದರು. ಅಪ್ಪ ಓದಿದವರಲ್ಲ. ಕೆರೆ ಕೆಳಗಿನ ಅರ್ಧ ಎಕರೆಯಲ್ಲಿ ಸೊಪ್ಪು ಬೆಳೆದು ಮಾರುತ್ತಿದ್ದರು, ಕಟ್ಟು ಚಿಕ್ಕದು ಕಟ್ಟಿದರೆ ಗಿರಾಕಿ ಮರಳಿ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ.

ಪಿಎಚ್.ಡಿ. ಮುಗಿದ ದಿನ ಅಮ್ಮನಿಗೆ ಉತ್ತರ ಹೇಳಿದೆ. ಕಲಬೆರಕೆ ಮಾಡುವವನು ಏನು ಬೆರೆಸಿದೆ, ಎಷ್ಟು ಬೆರೆಸಿದೆ ಎಂದು ಮುಚ್ಚಿಡುತ್ತಾನೆ. ನಾವು ಯಾವ ಪರಮಾಣುವಿನ ಜಾಗಕ್ಕೆ ಯಾವುದು, ನೂರಕ್ಕೆ ಎಷ್ಟು ಎಂದು ಬರೆದು ಅಂಟಿಸುತ್ತೇವೆ, ಅದರಿಂದ ಕೆಟ್ಟದ್ದನ್ನೂ ಬರೆಯುತ್ತೇವೆ ಅಂದೆ. ಅಮ್ಮ, "ಹಂಗಾದ್ರೆ ಒಗ್ಗರಣೆ ಅನ್ನು" ಎಂದಳು. ನನ್ನ ಪರೀಕ್ಷಕರು ಕೇಳಿದ ಯಾವ ಪ್ರಶ್ನೆಗಿಂತಲೂ ಅದು ಚೆನ್ನಾಗಿತ್ತು.

ಇವತ್ತು ಒಂದು ಡಬ್ಬಿ ತಂದಿದ್ದೇನೆ. ಅದರಲ್ಲಿ ಮೂರು ಬಿಲ್ಲೆಗಳಿವೆ. ಬೆರಕೆ ಇಲ್ಲದ್ದು, ಲ್ಯಾಂಥನಮ್ ಇರುವುದು, ಮ್ಯಾಂಗನೀಸ್ ಇರುವುದು, ಪ್ರತಿಯೊಂದರ ಕೆಳಗೂ ಚೀಟಿ ಇದೆ. ಮೊದಲನೆಯದೇ ಆ ಬಾಳೆಸಿಪ್ಪೆ, ಎಸೆಯಲು ಮನಸ್ಸಾಗಲಿಲ್ಲ. ಊಟ ಆದ ಮೇಲೆ ವಿಜ್ಞಾನದ ಕೊಠಡಿಯಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟಿರುತ್ತೇನೆ, ಬಿಸಿಲಿನಲ್ಲಿ ಬಣ್ಣದ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಮಕ್ಕಳೇ, ಬಂದು ನೋಡಿ. ಮುಟ್ಟಿದರೆ ಕೈ ತೊಳೆದುಕೊಳ್ಳಿ.